ಹದಿನೈದು ನಿಮಿಷದ ಲಿಸ್ಬನ್

ಗಿರಿಧರನ ಪ್ರಕಾರ ಸ್ಯಾನ್ ಡಿಯೇಗೊದ ಕಾರ್ಮೆಲ್ ವ್ಯಾಲಿಯ ತನ್ನ ಮನೆಯಿಂದ ಲಾಸ್ ಏಂಜಲೀಸಿನ ಬಳಿ ವೆಸ್ಟ್ ಕೊವಿನಾದಲ್ಲಿರುವ ಗೆಳೆಯ ಶಾದಾಬನ ಮನೆಗೆ ಒಂದೂವರೆ ಗಂಟೆಯ ದಾರಿ. ಒಮ್ಮೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಬೆಳಿಗ್ಗೆ ಇಡೀ ಕ್ಯಾಲಿಫೋರ್ನಿಯಾ ಹೊದ್ದು ಮಲಗಿದ್ದಾಗ ಅವನು ಅಷ್ಟು ಹೊತ್ತಿನಲ್ಲಿ ಅಲ್ಲಿಗೆ ಮುಟ್ಟಿದ್ದ. ಅಂದಿನಿಂದ ಅದೇ ಕಾಯಂ. ಮೂರು ಗಂಟೆ ಹಿಡಿದ ದಿನಗಳೆಲ್ಲ ಅವನ ಲೆಕ್ಕದಲ್ಲಿ ಆಕಸ್ಮಿಕಗಳು. ಕಳೆದ ನಾಲ್ಕು ವರ್ಷಗಳಲ್ಲಿ ಆಕಸ್ಮಿಕವಲ್ಲದ ದಿನ ಅದೊಂದೇ.

ಸ್ಯಾನ್ ಡಿಯೇಗೊದಲ್ಲಿ ಯಾರೂ ದೂರವನ್ನು ಮೈಲಿಯಲ್ಲಿ ಹೇಳುವುದಿಲ್ಲ. ಸ್ಕೂಲು ಹತ್ತು ನಿಮಿಷ, ದೇವಸ್ಥಾನ ಅರ್ಧ ಗಂಟೆ, ಲಾಸ್ ಏಂಜಲೀಸ್ ಎರಡು ಗಂಟೆ. ಗಿರಿಧರ ಇದರಲ್ಲಿ ಉಳಿದವರಿಗಿಂತ ಒಂದು ಹೆಜ್ಜೆ ಮುಂದೆ. ಮೊಬೈಲ್ ಫೋನಿನ ಚಿಪ್‌ಗಳನ್ನು ಮಾಡುವ ಕಂಪನಿಯಲ್ಲಿ ಎಂಜಿನಿಯರು; ಬೆಂಗಳೂರಲ್ಲಿ ಈಗೆಷ್ಟು ಗಂಟೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವವನು. ಹೊರಡುವ ಮುನ್ನ ಇಂಟರ್ನೆಟ್ಟಿನಿಂದ ದಾರಿಯ ಪ್ರಿಂಟ್ ತೆಗೆದುಕೊಳ್ಳುವವರನ್ನು ಕಂಡರೆ ಅವನಿಗೆ ಕನಿಕರ.

ಅವನ ಹೆಂಡತಿ ಮಂಜುಶ್ರೀ ಸಸ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವಳು. ಅಮೆರಿಕಕ್ಕೆ ಬಂದದ್ದು ಗಂಡನ ವೀಸಾಕ್ಕೆ ಅಂಟಿಕೊಂಡ ವೀಸಾದಲ್ಲಿ. ಅದರಲ್ಲಿ ಇರಬಹುದು, ತಿನ್ನಬಹುದು, ತೆರಿಗೆ ಕಟ್ಟುವವನಿಗೆ ಅಡುಗೆ ಮಾಡಬಹುದು. ಕೆಲಸ ಮಾತ್ರ ಮಾಡುವಂತಿಲ್ಲ. ನಾಲ್ಕು ವರ್ಷ ಅವಳು ಏಳು ವರ್ಷದ ಮಗಳು ಊರ್ಮಿಳಾಳನ್ನು ಸ್ಕೂಲಿಗೆ, ಸ್ಕೂಲಿನಿಂದ ಈಜಿಗೆ, ಈಜಿನಿಂದ ವಯೊಲಿನ್ನಿಗೆ ಡ್ರೈವ್ ಮಾಡಿಕೊಂಡು ಕಳೆದಳು. ಅದರ ನಡುವೆ ಅಲ್ಲಿಗೆ ಇಲ್ಲಿಗೆ ಅರ್ಜಿ ಹಾಕುತ್ತಿದ್ದಳು. ೨೦೦೫ರ ಜನವರಿಯಲ್ಲಿ ಲಿಸ್ಬನ್ನಿನ ಒಂದು ಸಂಶೋಧನಾ ಸಂಸ್ಥೆ, ಮಾರ್ಚ್ ತಿಂಗಳ ಒಂದು ಸೋಮವಾರ ಹನ್ನೊಂದು ಗಂಟೆಗೆ ಖುದ್ದಾಗಿ ಬನ್ನಿ, ಮೂರು ವರ್ಷದ ಕೆಲಸ, ಮಾತಾಡೋಣ ಎಂದು ಕರೆಯಿತು.

ಅದೇ ವಾರ ಮ್ಯಾಡ್ರಿಡ್‌ನಲ್ಲಿ ಗಿರಿಧರನ ಕಂಪನಿಯ ಮೀಟಿಂಗಿತ್ತು. ಮಂಜುಶ್ರೀ ಲಿಸ್ಬನ್‌ಗೆ ನೇರ ಹೋಗುತ್ತೇನೆಂದಳು. ಅವನು ಕೇಳಲಿಲ್ಲ.

"ಇಬ್ರೂ ಮ್ಯಾಡ್ರಿಡ್‌ಗೆ ಹೋಗೋಣ. ಅಲ್ಲಿಂದ ಒಂದು ಸಣ್ಣ ಫ್ಲೈಟ್ ತಗೊಂಡು ನಿನ್ನ ಇಂಟರ್‌ವ್ಯೂ ಮುಗಿಸ್ಕೊಂಡು ಬರೋಣ. ಒಂದು ಟ್ರಿಪ್ಪೂ ಆಗುತ್ತೆ."

ಗೆಳೆಯರಿಗೆ ಅವನು ಹೇಳಿದ್ದು 'ಯೂರೋಪ್ ಟ್ರಿಪ್' ಎಂದೇ. ಇಂಟರ್‌ವ್ಯೂ ಅದರಲ್ಲಿ ಮ್ಯೂಸಿಯಂ ನೋಡುವಂಥ ಒಂದು ಕಾರ್ಯಕ್ರಮ.

ಎರಡೂ ದೇಶಕ್ಕೆ ಸಲ್ಲುವ ವೀಸಾಕ್ಕೆಂದು ಲಾಸ್ ಏಂಜಲೀಸಿನ ಸ್ಪೇನ್ ಕಾನ್ಸುಲೇಟಿಗೆ ಹೋಗಬೇಕಿತ್ತು. ಹತ್ತು ಗಂಟೆಗೆ ಸಮಯ ಕೊಟ್ಟಿದ್ದರು. ಮಂಜುಶ್ರೀ ಆರಕ್ಕೇ ಸ್ನಾನ ಮಾಡಿ, ಫೋಟೋ, ಪಾಸ್‌ಪೋರ್ಟು ಹಿಡಿದು ಸೋಫಾದ ತುದಿಯಲ್ಲಿ ಕೂತಿದ್ದಳು. ಗಿರಿಧರ ನಿಧಾನವಾಗಿ ಕಾಫಿ ಕುಡಿದ. ಎಂಟಕ್ಕೆ ಕಾರು ಹೊರಟಿತು. ಒಂಬತ್ತೂವರೆಗೆ ಅವರು ಅರ್ಧ ದಾರಿಯಲ್ಲಿ, ಒಂದೇ ದಿಕ್ಕಿಗೆ ಮುಖ ಮಾಡಿ ನಿಂತ ಸಾವಿರಾರು ಕಾರುಗಳ ನಡುವೆ ನಿಂತಿದ್ದರು.

"ಆರ್ ವೀ ಲೇಟ್ ಅಗೇನ್?" ಎಂದಳು ಹಿಂದಿನ ಸೀಟಿನ ಊರ್ಮಿಳಾ.

"ಇಲ್ಲ ಪುಟ್ಟಿ, ಮುಂದೆ ಕ್ಲಿಯರ್ ಆಗುತ್ತೆ," ಎಂದ ಗಿರಿಧರ.

ಮುಟ್ಟಿದಾಗ ಹನ್ನೊಂದೂವರೆ. ಬಾಗಿಲಲ್ಲಿದ್ದವನು ಕೈಗಡಿಯಾರ ನೋಡಿ, ಇವರನ್ನು ನೋಡಿ, ಇನ್ನೊಂದು ದಿನಾಂಕ ಕೊಟ್ಟ. ಆ ದಿನಾಂಕಕ್ಕೂ ಪ್ರಯಾಣಕ್ಕೂ ನಡುವೆ ನಾಲ್ಕೇ ದಿನ. ಮಂಜುಶ್ರೀ ಚೀಟಿಯನ್ನು ಮಡಿಸಿ ಪರ್ಸಿಗೆ ಹಾಕಿಕೊಂಡಳು. ಲಿಫ್ಟಿನಲ್ಲಿ ಗಿರಿಧರ ಹೇಳಿದ: "ಇವತ್ತು ಏನೋ ಆಕ್ಸಿಡೆಂಟ್ ಆಗಿರ್ಬೇಕು. ಇಲ್ದಿದ್ರೆ ಎರಡು ಗಂಟೆ ಕಣೇ ಇದು."

ಬಂದದ್ದಕ್ಕೆ ವೆಸ್ಟ್ ಕೊವಿನಾಗೆ ಹೋಗಿ ಊಟ ಮಾಡುವುದೆಂದಾಯಿತು. ಶಾದಾಬನ ಹೆಂಡತಿ ಅಮ್ರೀನ್ ಮತ್ತು ಮಂಜುಶ್ರೀ ಮೈಸೂರಿನಲ್ಲಿ ಎಂಎಸ್ಸಿ ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು. ಶಾದಾಬ್ ಬರ್ಬ್ಯಾಂಕಿನ ಒಂದು ಸ್ಟುಡಿಯೋದಲ್ಲಿ ಧ್ವನಿಯ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ; ಅವತ್ತು ರಜೆ ಹಾಕಿದ್ದ. ಪಕ್ಕದ ಬೀದಿಯ ಶಿವರಾಮ ಅಂಕಲ್, ಭಾನುಮತಿ ಆಂಟಿಯೂ ಊಟಕ್ಕೆ ಬಂದಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಶಿವರಾಮರು ಹಿಂದಿನ ಬೇಸಿಗೆಯಲ್ಲಿ ಹನ್ನೊಂದು ದಿನದಲ್ಲಿ ಹತ್ತು ದೇಶ ತೋರಿಸುವ ಬಸ್ ಟೂರಿಗೆ ಹೋಗಿಬಂದು, ಆ ಭಾಗಕ್ಕೆಲ್ಲ ಯೂರೋಪಿನ ಪಂಡಿತರಾಗಿದ್ದರು.

ಟೊಮೆಟೊ ಬಾತಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಗಿರಿಧರ ತನ್ನ ಟಿಕೆಟ್ಟಿನ ಪ್ರಿಂಟು ಬಿಡಿಸಿದ. ಮ್ಯಾಡ್ರಿಡ್‌ನಿಂದ ಲಿಸ್ಬನ್ ವಿಮಾನದ ಸಾಲಿನ ಮೇಲೆ ಬೆರಳಿಟ್ಟವನು ಗಹಗಹಿಸಿ ನಕ್ಕ.

"ಶಾದಾಬ್, ನೋಡಿಲ್ಲಿ. ಎಂಟು ನಲವತ್ತಕ್ಕೆ ಹೊರಡುತ್ತೆ. ಎಂಟು ಐವತ್ತೈದಕ್ಕೆ ಮುಟ್ಟುತ್ತೆ. ಹದಿನೈದು ನಿಮಿಷ! ಇದಕ್ಕೆ ಯಾವನಾದ್ರೂ ಪ್ಲೇನ್ ಹತ್ತಾನಾ?"

"ಹದಿನೈದು ನಿಮಿಷಕ್ಕೆ ಬೆಲ್ಟ್ ಹಾಕಿ ತೆಗೆಯೋದ್ರೊಳಗೆ ಊರು ದಾಟಿ ಹೋಗಿರುತ್ತೆ ಗುರು," ಎಂದ ಶಾದಾಬ್.

"ಎರಡು ಗಂಟೆ ಮುಂಚೆ ಏರ್‌ಪೋರ್ಟಿಗೆ ಹೋಗ್ಬೇಕು, ಶೂ ಬಿಚ್ಬೇಕು, ಬೆಲ್ಟ್ ಬಿಚ್ಬೇಕು. ಅಷ್ಟರಲ್ಲಿ ನಾನು ಡ್ರೈವ್ ಮಾಡ್ಕೊಂಡು ಹೋಗಿ ಕಾಫಿ ಕುಡೀತಿರ್ತೀನಿ. ಲೆಕ್ಕ ನೋಡು. ವಿಮಾನ ಗಂಟೆಗೆ ಐನೂರು ಮೈಲಿ. ಕಾಲು ಗಂಟೆಗೆ ನೂರಿಪ್ಪತ್ತೈದು. ನಮ್ಮನೆಯಿಂದ ನಿಮ್ಮನೆಗೆ ಎಷ್ಟು?"

"ನೂರಿಪ್ಪತ್ತರ ಹತ್ರ."

"ಅಷ್ಟೇ! ಮ್ಯಾಡ್ರಿಡ್ ನಮ್ ಕಾರ್ಮೆಲ್ ವ್ಯಾಲಿ, ಲಿಸ್ಬನ್ ನಿಮ್ ವೆಸ್ಟ್ ಕೊವಿನಾ. ಎರಡು ಗಂಟೆ. ನಾನು ಹೋದ್ರೆ ಒಂದೂವರೆ."

ಶಿವರಾಮರು ಬಾಯಿ ಒರೆಸಿಕೊಂಡು ಮುದ್ರೆ ಒತ್ತಿದರು. "ಕರೆಕ್ಟ್. ಯೂರೋಪ್ ಅಂದ್ರೆ ಏನಂತ ತಿಳ್ಕೊಂಡಿದೀರಿ? ಎಲ್ಲ ಒತ್ತೊತ್ತಾಗಿ ಇವೆ. ನಾವು ತಿಂಡಿ ಒಂದು ದೇಶದಲ್ಲಿ ತಿಂದ್ವಿ, ಊಟ ಇನ್ನೊಂದು ದೇಶದಲ್ಲಿ ಮಾಡಿದ್ವಿ."

"ಎರಡೂ ಬಸ್ಸಲ್ಲೇ ಮಾಡಿದ್ವಿ," ಎಂದರು ಭಾನುಮತಿ. "ಹನ್ನೊಂದು ದಿನ ಕೂತೂ ಕೂತೂ ನನ್ನ ಸೊಂಟ ಹೋಯ್ತು."

"ನೀನು ಕಿಟಕಿಯಿಂದ ಆಚೆ ನೋಡ್ಲೇ ಇಲ್ವಲ್ಲ."

ಮಂಜುಶ್ರೀ ಕೈ ತೊಳೆದು ಬಂದು ಆ ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಕೆಳಗಿನ ಸಾಲಿನಲ್ಲಿ ಹಿಂತಿರುಗುವ ವಿಮಾನವಿತ್ತು.

"ರೀ, ವಾಪಸ್ ಬರೋದು ನೋಡಿ. ಲಿಸ್ಬನ್ ಏಳೂವರೆಗೆ ಬಿಟ್ಟು ಮ್ಯಾಡ್ರಿಡ್‌ಗೆ ಒಂಬತ್ತೂಮುಕ್ಕಾಲಿಗೆ. ಎರಡೂಕಾಲು ಗಂಟೆ. ಹೋಗೋದು ಹದಿನೈದು ನಿಮಿಷ, ಬರೋದು ಎರಡೂಕಾಲು ಗಂಟೆನಾ?"

ಗಿರಿಧರ ಒಂದು ಕ್ಷಣವೂ ತಡವರಿಸಲಿಲ್ಲ. "ಗಾಳಿ! ಬೆಂಗಳೂರಿಗೆ ಹೋಗೋವಾಗ ಒಂದು ಟೈಮ್, ಬರೋವಾಗ ಒಂದು ಟೈಮ್ ಅಲ್ವಾ? ಜೆಟ್ ಸ್ಟ್ರೀಮ್ ಅಂತಾರೆ ಅದಕ್ಕೆ."

"ಎರಡು ಗಂಟೆ ತಡೆಯೋ ಗಾಳಿನಾ?" ಎಂದ ಶಾದಾಬ್. "ಅಂಥ ಗಾಳಿ ಬಂದ್ರೆ ಪ್ಲೇನ್ ಹೊರಟ ಜಾಗಕ್ಕೇ ವಾಪಸ್ ಬಂದು ಇಳಿಯುತ್ತೆ."

"ಎರಡೂರಿಗೂ ಗಡಿಯಾರ ಬೇರೆ," ಎಂದಳು ಮಂಜುಶ್ರೀ. "ಲಿಸ್ಬನ್ ಒಂದು ಗಂಟೆ ಹಿಂದೆ ಇರ್ಬೇಕು. ಹೋಗೋದೂ ಒಂದೂಕಾಲು, ಬರೋದೂ ಒಂದೂಕಾಲು. ಹಾಗಿದ್ರೆ ದಾರಿ ಎರಡು ಗಂಟೇದಲ್ಲ, ಆರೇಳು ಗಂಟೇದು."

ಅಷ್ಟು ಸುಲಭವಾದ ಮಾತನ್ನು ಒಪ್ಪಿಕೊಳ್ಳಲು ಒಂದು ಗಳಿಗೆ ಸಾಕಿತ್ತು. ಆದರೆ ಗಿರಿಧರ ಕುರ್ಚಿಗೆ ಒರಗಿ, ಮಗುವಿಗೆ ಹೇಳುವಂತೆ ನಕ್ಕ.

"ಮಂಜು, ಯೂರೋಪ್ ಟೀಮ್ ಜೊತೆ ವಾರಕ್ಕೆ ಮೂರು ಕಾಲ್ ಮಾಡೋನು ನಾನು. ಒಂಬತ್ತು ಗಂಟೆ ವ್ಯತ್ಯಾಸ. ಇಡೀ ಯೂರೋಪಿಗೆ ಒಂದೇ ಗಡಿಯಾರ."

"ಲಂಡನ್?" ಎಂದಳು ಅಮ್ರೀನ್.

"ಲಂಡನ್ ಎಲ್ಲಿ ಯೂರೋಪು? ಅವ್ರ ದುಡ್ಡೇ ಬೇರೆ."

"ನಾವೂ ಗಡಿಯಾರ ಮುಟ್ಲೇ ಇಲ್ಲಪ್ಪ, ಹತ್ತು ದೇಶ ಸುತ್ತಿದ್ರೂ," ಎಂದು ಶಿವರಾಮರು ಸಾಕ್ಷಿ ನುಡಿದರು. ಅವರ ಹತ್ತು ದೇಶಗಳಲ್ಲಿ ಪೋರ್ಚುಗಲ್ ಇರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ.

ಗಿರಿಧರ ಆ ಎರಡು ಟಿಕೆಟ್ಟುಗಳನ್ನೂ ಇವತ್ತೇ ಕ್ಯಾನ್ಸಲ್ ಮಾಡುವೆನೆಂದ. ಮ್ಯಾಡ್ರಿಡ್‌ನಲ್ಲಿ ಕಾರು ಬಾಡಿಗೆಗೆ ತೆಗೆದುಕೊಳ್ಳುವುದು, ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೊರಟು ಹತ್ತಕ್ಕೆ ಲಿಸ್ಬನ್.

"ನಿಮ್ದು ಮಾಡಿ," ಎಂದಳು ಮಂಜುಶ್ರೀ. "ನಂದು ಇರ್ಲಿ. ನಾನು ಪ್ಲೇನಲ್ಲೇ ಹೋಗ್ತೀನಿ."

"ಹಠ ನೋಡಿ ಇವಳದ್ದು!"

"ಹಠ ಅಲ್ಲ. ಹನ್ನೊಂದಕ್ಕೆ ನಾನು ಅಲ್ಲಿರ್ಬೇಕು."

"ಸರಿ ಹಾಗಾದ್ರೆ, ರೇಸು! ನೀನು ಪ್ಲೇನಲ್ಲಿ ಬಾ, ನಾನು ಕಾರಲ್ಲಿ. ಸೂಟ್‌ಕೇಸ್ ಎಲ್ಲ ನನಗೆ ಕೊಡು, ನೀನು ಕೈ ಬೀಸ್ಕೊಂಡು ಬಾ. ಆ ಇನ್‌ಸ್ಟಿಟ್ಯೂಟ್ ಗೇಟ್ ಹತ್ರ ನಿನಗೆ ಕಾಯ್ತಾ ನಿಂತಿರ್ತೀನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಗಿರಿಧರ ಚಪ್ಪಾಳೆಯಲ್ಲಿ ಯಾವಾಗಲೂ ತನ್ನ ಪಾಲನ್ನಷ್ಟೇ ಕೇಳಿಸಿಕೊಳ್ಳುತ್ತಿದ್ದ.

ಅಡುಗೆಮನೆಯಲ್ಲಿ ಅಮ್ರೀನ್ ಪಾತ್ರೆಗಳನ್ನು ಸಿಂಕಿಗೆ ಸುರಿದು ನಲ್ಲಿ ತಿರುವಿದಳು. "ಲೇ ಮಂಜಿ, ಹಾಸ್ಟೆಲಲ್ಲಾಗಿದ್ರೆ ಈ ಲೆಕ್ಕಕ್ಕೆ ನೀನು ತಟ್ಟೆ ಎತ್ತಿ ಹೊಡೀತಿದ್ದೆ. ಒಂದು ಮ್ಯಾಪ್ ತೆಗೆದು ತೋರ್ಸಿಬಿಡೇ."

"ಹೇಳ್ದೆನಲ್ಲ, ಎಲ್ಲರ ಎದುರಿಗೆ. ಎಷ್ಟು ಸಲ ಹೇಳ್ಲಿ?"

"ಅವ್ನು ಅಲ್ಲೆಲ್ಲೋ ಕಳೆದುಹೋದ್ರೆ?"

"ಮೂವತ್ತೆಂಟು ವರ್ಷದ ಗಂಡಸು ಕಣೇ. ಕೈಲಿ ಕಾರಿರುತ್ತೆ, ಜೇಬಲ್ಲಿ ಕಾರ್ಡಿರುತ್ತೆ. ಕಳೆದುಹೋದ್ರೆ ಸಿಗ್ತಾರೆ." ಮಂಜುಶ್ರೀ ತಟ್ಟೆ ಒರೆಸುತ್ತ ದನಿ ತಗ್ಗಿಸಿದಳು. "ಇದು ತಪ್ಪಿದ್ರೆ ನನಗೆ ಇನ್ನೊಂದಿಲ್ಲ ಅಮ್ರೀನ್. ನಾಲ್ಕು ವರ್ಷ ಏನ್ ಮಾಡ್ತಿದ್ರಿ ಅಂತ ಕೇಳ್ದೆ ಕರೆದೋರು ಇವರೊಬ್ರೇ. ಮುಂದಿನ ವರ್ಷ ಐದಾಗುತ್ತೆ. ಐದು ವರ್ಷ ಸುಮ್ನಿದ್ದೋಳನ್ನ ಯಾರು ಕರೀತಾರೆ?"

ಎರಡನೆಯ ಸಲ ಕಾನ್ಸುಲೇಟಿಗೆ ಹೋಗಬೇಕಾದಾಗ ಮಂಜುಶ್ರೀ ಹಿಂದಿನ ಸಂಜೆಯೇ ಗಂಡನನ್ನೂ ಮಗಳನ್ನೂ ಕರೆದುಕೊಂಡು ಅಮ್ರೀನಳ ಮನೆಗೆ ಬಂದಳು. ಎರಡು ಗಂಟೆಯ ದಾರಿಗೆ ಯಾರಾದರೂ ಹಿಂದಿನ ದಿನ ಹೊರಡುತ್ತಾರೆಯೇ ಎಂದು ಗಿರಿಧರ ದಾರಿಯುದ್ದಕ್ಕೂ ಗೊಣಗಿದ. ವೀಸಾ ಸಿಕ್ಕಿತು. ಶನಿವಾರ ಊರ್ಮಿಳಾಳನ್ನು ಅಮ್ರೀನಳ ಬಳಿ ಬಿಟ್ಟು ಇಬ್ಬರೂ ವಿಮಾನ ಹತ್ತಿದರು.

ಸೋಮವಾರ ಬೆಳಿಗ್ಗೆ ವೆಸ್ಟ್ ಕೊವಿನಾದಲ್ಲಿ ಅಮ್ರೀನ್ ಊರ್ಮಿಳಾಳಿಗೆ ದೋಸೆ ಹಾಕುತ್ತಿದ್ದಾಗ ಫೋನು ಬಂತು. ಮಂಜುಶ್ರೀ.

"ಮುಗೀತು ಕಣೇ."

"ಹೇಗಾಯ್ತೇ?"

"ಮೂವರು ಕೂತಿದ್ರು. ಒಂದು ಗಂಟೆ ನಾನು ಮಾತಾಡಿದೆ, ಒಂದು ಗಂಟೆ ಅವ್ರು ಕೇಳಿದ್ರು. ನಾಲ್ಕು ವರ್ಷದಲ್ಲಿ ನನ್ನನ್ನ ಯಾರೂ ಅಷ್ಟು ಹೊತ್ತು ಏನೂ ಕೇಳಿರ್ಲಿಲ್ಲ. ಆಮೇಲೆ ಊಟಕ್ಕೆ ಕರ್ಕೊಂಡು ಹೋದ್ರು." ಅವಳು ಓಡಿಬಂದವಳಂತೆ ಉಸಿರಾಡುತ್ತಿದ್ದಳು. "ಊರ್ಮಿ ಎದ್ಲಾ?"

"ದೋಸೆ ತಿಂತಿದಾಳೆ. ಗಿರಿ ಎಲ್ಲಿ?"

"ಗೇಟ್ ಹತ್ರ ಅಂತೂ ಇಲ್ಲ."

ಫೋನಿಟ್ಟು ಇನ್ನೊಂದು ದೋಸೆ ತಿರುವಿ ಹಾಕುವಷ್ಟರಲ್ಲಿ ಮತ್ತೆ ಗಂಟೆ. ಈ ಸಲ ಗಿರಿಧರ. ಹಿಂದೆ ಲಾರಿಗಳ ಸದ್ದು.

"ಅಮ್ರೀನ್, ಮಂಜು ಫೋನ್ ಮಾಡಿದ್ಲಾ? ನಾನೊಂದು ಪೆಟ್ರೋಲ್ ಬಂಕ್‌ನಲ್ಲಿದೀನಿ. ರೋಡಿನ ಬೋರ್ಡ್ ಸರಿಯಿಲ್ಲ ಇಲ್ಲಿ, ಸೆವಿಲ್ಲಾ ಅನ್ನೋ ಊರಿನ ಕಡೆ ಅರ್ಧ ದಾರಿ ಹೋಗಿ ವಾಪಸ್ ಬಂದೆ. ಬೆಳಿಗ್ಗೆ ಎಂಟರಿಂದ ಓಡಿಸ್ತಿದೀನಿ."

"ಅಯ್ಯೋ! ಇನ್ನೆಷ್ಟು ದೂರ?"

"ಎರಡು ಗಂಟೆ," ಎಂದ ಗಿರಿಧರ. "ಪಾಪ, ಅವಳ ಸೂಟ್‌ಕೇಸ್ ನನ್ನ ಹತ್ರ ಇದೆ. ಇಂಟರ್‌ವ್ಯೂ ಬಟ್ಟೆ, ಅಲ್ಲಿ ತೋರಿಸ್ಬೇಕಾದ ಸ್ಲೈಡುಗಳ ಸಿ.ಡಿ., ಎಲ್ಲ ಇದರಲ್ಲೇ. ಹೋಯ್ತು ಅನ್ಸುತ್ತೆ. ಫೋನ್ ಮಾಡಿದ್ರೆ ಸಮಾಧಾನ ಹೇಳು. ಬೇರೆ ಕಡೆ ಅಪ್ಲೈ ಮಾಡಿದ್ರಾಯ್ತು."

ಅವನ ದನಿಯಲ್ಲಿ ದುಃಖವಿತ್ತು, ಸುಳ್ಳು ಹೇಳಬಾರದು. ಅದರ ಅಡಿಯಲ್ಲಿ ಒಂದು ಸಣ್ಣ ನೆಮ್ಮದಿಯೂ ಇತ್ತು. ಅಮ್ರೀನ್ ಒಲೆ ಆರಿಸಿದಳು.

"ಗಿರಿ, ಆ ಸೂಟ್‌ಕೇಸ್ ಒಂದ್ಸಲ ತೆಗೆದು ನೋಡಿ."

ಡಿಕ್ಕಿ ತೆರೆದ ಸದ್ದು. ಜಿಪ್ ಎಳೆದ ಸದ್ದು. ಸೂಟ್‌ಕೇಸಿನಲ್ಲಿ ಗಿರಿಧರನ ಐದು ಅಂಗಿ, ಬನಿಯನ್ನುಗಳು, ಉಪ್ಪಿನಕಾಯಿ ಬಾಟಲಿ ಮತ್ತು ಎಲ್ಲಿಗೆ ಹೋದರೂ ಅವನು ಬಿಡದ ರೈಸ್ ಕುಕ್ಕರ್ ಇದ್ದವು.

"ಅವಳು ಆ ಬಟ್ಟೆ ಹಾಕ್ಕೊಂಡೇ ಪ್ಲೇನ್ ಹತ್ತಿದ್ಲು," ಎಂದಳು ಅಮ್ರೀನ್. "ಸಿ.ಡಿ. ಕೈಚೀಲದಲ್ಲಿತ್ತು. ಇಂಟರ್‌ವ್ಯೂ ಮುಗಿಸಿ ಊಟಾನೂ ಮಾಡಿದಾಳೆ. ನೀವು ಊಟ ಮಾಡಿದ್ರಾ?"

ಎರಡು ತಿಂಗಳ ನಂತರ ಶಿವರಾಮರ ಮನೆಯ ಊಟದಲ್ಲಿ ಈ ಕಥೆಯನ್ನು ಗಿರಿಧರನೇ ಹೇಳಿದ. ಅವನು ಹೇಳಿದಾಗ ಅದು ಸ್ಪೇನಿನ ರಸ್ತೆಗಳ ಕಥೆಯಾಗಿತ್ತು. ಬೋರ್ಡುಗಳಲ್ಲಿ ಇಂಗ್ಲಿಷಿಲ್ಲ, ಪೋರ್ಚುಗಲ್ಲಿನವರು ಒಂದು ಗಂಟೆ ಹಿಂದಿರುವುದನ್ನು ಯಾರಿಗೂ ತಿಳಿಸುವುದಿಲ್ಲ.

"ಮಂಜು ತಿಳಿಸಿದ್ದಳಲ್ಲಪ್ಪ," ಎಂದರು ಭಾನುಮತಿ, ಹಪ್ಪಳ ಮುರಿಯುತ್ತ.

"ಗೆಸ್ ಮಾಡಿದ್ಲು ಆಂಟಿ. ಗೆಸ್ ಬೇರೆ, ಗೊತ್ತಿರೋದು ಬೇರೆ."

ಲಿಸ್ಬನ್ನಿನವರು ಮಂಜುಶ್ರೀಗೆ ಕೆಲಸ ಕೊಟ್ಟಿದ್ದರು. ಸೆಪ್ಟೆಂಬರಿಗೆ ಬರಬೇಕಿತ್ತು. ಹೋಗುತ್ತೇನೆಂದು ಅವಳು ಹೇಳಿಯಾಗಿತ್ತು. ಹೋಗಬೇಡವೆಂದು ಅವನು ಬಾಯಿಬಿಟ್ಟು ಹೇಳಿರಲಿಲ್ಲ. ಅಂಥ ಮಾತು ಕಾರ್ಮೆಲ್ ವ್ಯಾಲಿಯಲ್ಲಿ ಯಾರೂ ಆಡುವುದಿಲ್ಲ. ಅದಕ್ಕೇ ಅವತ್ತು ಎಲ್ಲರೆದುರು ಇನ್ನೊಂದು ಪ್ರಿಂಟು ಹೊರತೆಗೆದ.

"ನನ್ನದೇನೂ ಅಭ್ಯಂತರ ಇಲ್ಲ. ಪ್ರಾಕ್ಟಿಕಲ್ ಆಗಿ ನೋಡೋಣ. ಎಲ್.ಎ. ಬಿಡೋದು ಮಧ್ಯಾಹ್ನ ಮೂರಕ್ಕೆ. ಲಿಸ್ಬನ್ ಮುಟ್ಟೋದು ಮಾರನೇ ದಿನ ಸಂಜೆ ನಾಲ್ಕಕ್ಕೆ. ಇಪ್ಪತ್ತೈದು ಗಂಟೆ! ಬೆಂಗಳೂರಿಗಿಂತ ದೂರ. ಮಗು ಕಟ್ಕೊಂಡು ಇಪ್ಪತ್ತೈದು ಗಂಟೆ ಹೇಗೆ ಹೋಗ್ತಾಳೆ? ನೀವೇ ಹೇಳಿ ಅಂಕಲ್."

ಶಿವರಾಮರು ಗಂಭೀರವಾಗಿ ತಲೆಯಾಡಿಸಿದರು. "ದೂರ ಆಯ್ತಪ್ಪ. ತುಂಬ ದೂರ."

ಶಾದಾಬ್ ಏನೋ ಹೇಳಹೊರಟ. ಅಮ್ರೀನ್ ಅವನ ಕಾಲು ತುಳಿದಳು. ಮಂಜುಶ್ರೀ ಆ ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಕೆಳಗಿನ ಸಾಲು ಓದಿದಳು.

"ಬರೋವಾಗ ಲಿಸ್ಬನ್ ಬೆಳಿಗ್ಗೆ ಹತ್ತಕ್ಕೆ ಬಿಟ್ಟು, ಇಲ್ಲಿಗೆ ಅದೇ ದಿನ ಸಂಜೆ ಏಳಕ್ಕೆ. ಒಂಬತ್ತೇ ಗಂಟೆ. ಗಾಳಿ ಅಲ್ವೇನ್ರೀ?"

ಮೊದಲು ನಕ್ಕದ್ದು ಭಾನುಮತಿ. ಆಮೇಲೆ ಮನೆಯೆಲ್ಲ ನಕ್ಕಿತು. ಗಿರಿಧರನೂ ನಕ್ಕ, ಎಲ್ಲರೂ ನಗುವಾಗ ನಗದಿರುವುದು ಕಷ್ಟ. ಮಂಜುಶ್ರೀ ನಗಲಿಲ್ಲ.

"ಎಂಟು ಗಂಟೆ ಕಳೀರಿ, ಎಂಟು ಗಂಟೆ ಕೂಡಿಸಿ. ಎರಡೂ ಕಡೆ ಹದಿನೇಳು. ಹತ್ರ ಬೇಕಾದಾಗ ಹದಿನೈದು ನಿಮಿಷ, ದೂರ ಬೇಕಾದಾಗ ಇಪ್ಪತ್ತೈದು ಗಂಟೆ ಮಾಡ್ಬೇಡಿ. ನಾನು ಹೋಗ್ತಿದೀನಿ."

ಊರ್ಮಿಳಾ ಎಲ್ಲಿರಬೇಕೆನ್ನುವುದು ಮಾತ್ರ ಉಳಿದಿತ್ತು. ಮಗಳು ತನ್ನ ಜೊತೆಗಿರಲಿ, ಇಲ್ಲಿ ಒಳ್ಳೆಯ ಸ್ಕೂಲಿದೆ ಎಂದು ಗಿರಿಧರ ಒಂದು ವಾರ ವಾದಿಸಿದ. ಮಂಜುಶ್ರೀ ಸರಿಯೆಂದು, ಆ ವಾರ ಡ್ರೈವಿಂಗನ್ನು ಅವನಿಗೇ ಬಿಟ್ಟಳು. ಸ್ಕೂಲು, ಈಜು, ವಯೊಲಿನ್ನು, ಯಾರದೋ ಹುಟ್ಟುಹಬ್ಬ. ಶುಕ್ರವಾರ ಸಂಜೆ ಅವನು ಸೋಫಾದಲ್ಲಿ ಶೂ ಬಿಚ್ಚದೆ ಮಲಗಿ, ಈ ವಯಸ್ಸಿನ ಹೆಣ್ಣುಮಕ್ಕಳಿಗೆ ತಾಯಿಯೇ ಬೇಕೆಂದು ತೀರ್ಪು ಕೊಟ್ಟ.

ಸೆಪ್ಟೆಂಬರಿನಲ್ಲಿ ಹೊರಡುವ ಹಿಂದಿನ ದಿನವೇ ಮಂಜುಶ್ರೀ, ಮಗಳು ಮತ್ತು ನಾಲ್ಕು ಪೆಟ್ಟಿಗೆಗಳ ಸಮೇತ ಅಮ್ರೀನಳ ಮನೆಗೆ ಬಂದಿಳಿದಳು. ಗಿರಿಧರನಿಗೆ ಬೆಳಿಗ್ಗೆ ಮೀಟಿಂಗಿತ್ತು. ನೇರ ಏರ್‌ಪೋರ್ಟಿಗೇ ಬರುತ್ತೇನೆ, ಎರಡು ಗಂಟೆಯ ದಾರಿ ಎಂದಿದ್ದ. ಶಾದಾಬ್ ಅವರನ್ನು ತಂದು ಇಳಿಸಿ, ಪೆಟ್ಟಿಗೆಗಳನ್ನು ತೂಕಕ್ಕೆ ಹಾಕಿಸಿ, ಕಾರು ತೆಗೆಯಲು ಹೋದ. ಅಮ್ರೀನ್ ಕಣ್ಣೊರೆಸಿಕೊಂಡು, ಬೈದು, ಮತ್ತೆ ಅಪ್ಪಿಕೊಂಡು ಹೋದಳು. ತಾಯಿ ಮಗಳು ಸೆಕ್ಯುರಿಟಿ ಸಾಲಿನ ಪಕ್ಕ ನಿಂತು ಬಾಗಿಲ ಕಡೆ ನೋಡುತ್ತಿದ್ದರು. ಸಾಲು ಉದ್ದವಾಗುತ್ತಿತ್ತು.

ಮಂಜುಶ್ರೀಯ ಫೋನು ರಿಂಗಾಯಿತು. ಅವಳು ಅದನ್ನು ಮಗಳ ಕೈಗೆ ಕೊಟ್ಟಳು. ಊರ್ಮಿಳಾ ಕೇಳಿಸಿಕೊಂಡಳು, ತಲೆಯಾಡಿಸಿದಳು, ಫೋನನ್ನು ಎದೆಗೊತ್ತಿಕೊಂಡು ತಾಯಿಯ ಕಡೆ ತಿರುಗಿದಳು.

"ಅಮ್ಮಾ, ಹೀ ಸೇಸ್ ಯೂ ಫರ್ಗಾಟ್ ದ ರೈಸ್ ಕುಕ್ಕರ್. ಹೀ ಈಸ್ ಬ್ರಿಂಗಿಂಗ್ ಇಟ್."

"ಎಲ್ಲಿದಾರಂತೆ?"

ಮಗಳು ಕೇಳಿದಳು. ಆ ಕಡೆಯಿಂದ ಹಾರನ್ನಿನ ಸದ್ದು ಮಂಜುಶ್ರೀಗೂ ಕೇಳಿಸಿತು.

"ಹೀ ಸೇಸ್ ಫಿಫ್ಟೀನ್ ಮಿನಿಟ್ಸ್."

"ಹಾಗಾದ್ರೆ ಹೋಗಿ ಬರ್ತೀವಿ ಅಂತ ಫೋನಲ್ಲೇ ಹೇಳು ಪುಟ್ಟಿ," ಎಂದಳು ಮಂಜುಶ್ರೀ. ಮಗಳು ಹೇಳಿ ಮುಗಿಸುವವರೆಗೆ ಕಾದು, ಫೋನು ಆರಿಸಿ, ಸಾಲಿಗೆ ಸೇರಿ, ಶೂ ಬಿಚ್ಚಲು ಬಗ್ಗಿದಳು.